ಕೊನೆಮನೆಯ ಬೊಗಸೆ ನೀರು

ಬಹಳ ಬಹಳ ಹಿಂದೆ, ಒಂದು ಬೆಟ್ಟ, ಒಂದು ಹೊಳೆ, ಒಂದು ಕಡಲು, ಇಷ್ಟೇ ಇದ್ದ ಒಂದು ರಾಜ್ಯವಿತ್ತು. ಹೊಳೆಯ ಹೆಸರು ತಿಳಿಹೊಳೆ. ಬೆಟ್ಟದ ಮೇಲೆ ಅರಮನೆ. ಹೊಳೆ ಕಡಲಿಗೆ ಸೇರುವಲ್ಲಿ ಕೊನೆಮನೆ ಎಂಬ ಊರು.

ಆ ರಾಜ್ಯಕ್ಕೆ ಒಂದು ಹಳೆಯ ಕಟ್ಟಳೆಯಿತ್ತು. ವರ್ಷಕ್ಕೊಮ್ಮೆ ರಾಜ ಕೊನೆಮನೆಗೆ ಇಳಿದು ಬರಬೇಕು. ಕಡಲು ಇಳಿದ ಹೊತ್ತಿನಲ್ಲಿ ಆ ಊರಿನವರು ಬೊಗಸೆಯಲ್ಲಿ ಎತ್ತಿಕೊಟ್ಟ ಹೊಳೆನೀರನ್ನು ಕುಡಿಯಬೇಕು. ಕುಡಿದರೆ ಇನ್ನೊಂದು ವರ್ಷ ರಾಜ. ಕುಡಿಯದಿದ್ದರೆ ಕಿರೀಟ ಕಳಚಿಟ್ಟು ನಡೆಯಬೇಕು. ಮೇಲಿನವರ ಕೊಳೆಯೆಲ್ಲ ಕೆಳಗಿನವರ ಕೊಡಕ್ಕೆ ಬರುತ್ತದಲ್ಲ, ಅದು ರಾಜನ ಗಂಟಲಿಗೂ ಬರುವ ಹಾಗೆ ಮಾಡಿದ್ದರು ಹಿರಿಯರು. ಅವರೇನು ಸಾಮಾನ್ಯರಲ್ಲ.

ಭಾನುಕೀರ್ತಿ ಎಂಬವನು ರಾಜನಾಗಿದ್ದಾಗ ತಾಮ್ರಗಡ್ಡ ಎಂಬ ಮಾಂತ್ರಿಕ ಬಂದ. ಬೆಟ್ಟದ ಕಲ್ಲನ್ನು ಏಳು ಕೊಪ್ಪರಿಗೆಗಳಲ್ಲಿ ಬೇಯಿಸಿ ಬೆಳ್ಳಿ ತೆಗೆದ. ಅರಮನೆಗೆ ಬೆಳ್ಳಿಯ ಹೆಂಚು ಹೊದೆಸಿದ. ಉಳಿದ ಹಸಿರು ಗಸಿಯನ್ನು ಹೊಳೆಗೆ ಸುರಿದ. ರಾಜನಿಗೆ ಮಾತ್ರ ಒಂದು ಗಿಂಡಿ ಕೊಟ್ಟ. ಎಂಥ ಹೊಲಸು ನೀರು ಹಾಕಿದರೂ ಅದರೊಳಗೆ ಎಳನೀರಾಗುತ್ತಿತ್ತು. ಅಂದಿನಿಂದ ರಾಜ ಕೆಳಗಿಳಿಯುವುದನ್ನು ಬಿಟ್ಟ. ವರ್ಷಕ್ಕೊಮ್ಮೆ ಆಳು ಗಿಂಡಿ ಹಿಡಿದು ಬಂದು ನೀರು ತುಂಬಿಸಿಕೊಂಡು ಹೋಗುತ್ತಿದ್ದ. ರಾಜನಿಗೆ ಏನೂ ಗೊತ್ತಿರಲಿಲ್ಲ ಎನ್ನುವವರಿದ್ದಾರೆ. ನಾನು ನಂಬುವುದಿಲ್ಲ. ಗೊತ್ತಾಗದಿರಲಿ ಎಂದೇ ಅವನು ಮನೆಯಲ್ಲಿ ಕೂತಿದ್ದ.

ಏಳು ವರ್ಷ ಹೀಗೇ ನಡೆಯಿತು. ಕೊನೆಮನೆಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿದವು. ಚಿಪ್ಪಿ ಹೆಕ್ಕಿ ಬದುಕುತ್ತಿದ್ದ ಸೋಮಿ ಎಂಬವಳ ಬುಟ್ಟಿಗೆ ಬಾಯಿ ತೆರೆದ ಖಾಲಿ ಚಿಪ್ಪುಗಳೇ ಬಂದವು. ಅವಳ ಐದು ವರ್ಷದ ಮಗಳು ದುರ್ಗಿಯ ಉಗುರುಗಳು ನೀಲಿಯಾದವು. ಆಮೇಲೆ ಆ ಮಗು ಎದ್ದು ನಿಲ್ಲುವುದನ್ನೂ ಬಿಟ್ಟಿತು. ಇದೇ ನೀರು ಕುಡಿದರೆ ಮುಂದಿನ ಮಳೆಗಾಲ ಕಾಣುವುದಿಲ್ಲ ಎಂದು ವೈದ್ಯರು ಹೇಳಿ ಹೋದರು.

ಆ ವರ್ಷ ಆಳು ಗಿಂಡಿ ಚಾಚಿದಾಗ ಸೋಮಿ ಅಡ್ಡ ನಿಂತಳು. ಕಟ್ಟಳೆಯಲ್ಲಿ ಇರುವುದು ಬೊಗಸೆ, ಗಿಂಡಿಯಲ್ಲ ಎಂದಳು. ರಾಜ ಬರುವುದಿಲ್ಲ ಎಂದ ಆಳು. ಹಾಗಾದರೆ ಬೊಗಸೆಯೇ ಅಲ್ಲಿಗೆ ಬರುತ್ತದೆ ಎಂದು ಅವಳು ಹೊಳೆಗಿಳಿದಳು.

ನೀರಿನಲ್ಲಿ ಒಂದು ಮುದಿ ನೀರುನಾಯಿ ತಲೆಯೆತ್ತಿತು. ಅದರ ಮರಿಗಳೆಲ್ಲ ಸತ್ತಿದ್ದವು. ಅದು ಮಾತಾಡಿತು.

"ಸೋಮಿ, ಅಂಗೈ ಬಿಡಿಸದಿದ್ದರೆ ಈ ನೀರು ಸೋರೋದಿಲ್ಲ, ಆರೋದಿಲ್ಲ. ಒಮ್ಮೆ ಬಿಡಿಸಿದೆಯೋ, ಮುಗೀತು. ಮತ್ತೆ ಬರೋ ವರ್ಷವೇ."

"ಬರೋ ವರ್ಷಕ್ಕೆ ನನ್ನ ಮಗಳು ಇರೋದಿಲ್ಲ ಅಜ್ಜಿ. ಬಿಡಿಸೋದಿಲ್ಲ."

ಮಗಳಿಗೆ ಎಳನೀರು ಬಿಟ್ಟು ಬೇರೇನೂ ಕುಡಿಸಬೇಡಿ ಎಂದು ನೆರೆಯವರಿಗೆ ಹೇಳಿ, ಬೊಗಸೆ ತುಂಬ ಹಸಿರು ನೀರು ಹಿಡಿದು, ಸೋಮಿ ಹೊಳೆಯ ದಂಡೆ ಹಿಡಿದು ಮೇಲಕ್ಕೆ ನಡೆದಳು. ಮೂರು ದಿನದ ದಾರಿ. ಊರೂರಿನ ಹೆಂಗಸರು ಅವಳ ಬಾಯಿಗೆ ತುತ್ತಿಟ್ಟರು, ಬೆವರು ಒರೆಸಿದರು, ಬಿಚ್ಚಿದ ಮುಡಿ ಕಟ್ಟಿದರು. ಎಲ್ಲಿಗೆ ಹೊರಟೆ ಎಂದು ಕೇಳಿದವರಿಗೆ ರಾಜನಿಗೆ ನೀರು ಕುಡಿಸೋಕೆ ಎಂದಳು. ಕೇಳಿದವರಲ್ಲಿ ಕೆಲವರು ಹಿಂದೆಯೇ ಹೊರಟರು.

ತಾಮ್ರಗಡ್ಡ ಇದನ್ನು ತನ್ನ ತಾಮ್ರದ ಕನ್ನಡಿಯಲ್ಲಿ ಕಂಡ. ಮೊದಲ ದಿನ ಅವನು ಮುತ್ತಿನ ಮಳೆ ಸುರಿಸಿದ. ಮುತ್ತು ಬಿದ್ದರೆ ಕೈ ಚಾಚದವರು ಯಾರು? ಸೋಮಿ ಬೊಗಸೆಯ ಮೇಲೆ ಬಾಗಿ ನಿಂತಳು. ಮುತ್ತುಗಳು ಬೆನ್ನಿಗೆ ಬಡಿದವು, ಬೆನ್ನು ಬಾತುಕೊಂಡಿತು. ಮಳೆ ನಿಂತ ಮೇಲೆ ಅವುಗಳನ್ನು ತುಳಿದುಕೊಂಡು ನಡೆದಳು.

ಎರಡನೆಯ ದಿನ ಕಬ್ಬಿಣದ ಚರ್ಮದ ಮೊಸಳೆಯೊಂದು ದಾರಿಗೆ ಅಡ್ಡ ಮಲಗಿ ಬಾಯಿ ತೆರೆಯಿತು. ಹೆದರಿದವರು ಕೈ ಎತ್ತದೆ ಇರುತ್ತಾರೆಯೇ? ಸೋಮಿಗೂ ಹೆದರಿಕೆಯಾಯಿತು. ಆದರೆ ಕೈ ಎತ್ತಲಿಲ್ಲ.

"ತಿನ್ನೋದಾದರೆ ತಲೆಯಿಂದ ಶುರುಮಾಡು," ಎಂದಳು. "ಕೈ ಮಾತ್ರ ಕೊನೆಗೆ ತಿನ್ನು."

ಮೊಸಳೆ ಅವಳ ಬೊಗಸೆಯನ್ನು ಮೂಸಿತು. ತಾನು ಹುಟ್ಟಿದ ಮಡುವಿನ ನೀರು ಅದು. ತನ್ನ ಮಡು ಹೀಗಾಗಿದೆಯೇ ಎಂದು ಮೊಸಳೆ ಅತ್ತಿತು. ಅದು ಮೊಸಳೆ ಕಣ್ಣೀರಲ್ಲ, ನಿಜವಾದ ಅಳು. ಅತ್ತಹಾಗೆ ಮಾಂತ್ರಿಕ ತೊಡಿಸಿದ್ದ ಕಬ್ಬಿಣದ ಚರ್ಮ ಕಳಚಿ ಬಿತ್ತು. ಅದೇ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿತು.

ಮೂರನೆಯ ದಿನ ಅರಮನೆಯ ಬಾಗಿಲು ಕಾಣುವಷ್ಟು ಹತ್ತಿರ ಬಂದಾಗ, ದಾರಿಯ ನಡುವೆ ದುರ್ಗಿ ಬಿದ್ದಿದ್ದಳು. ಅಮ್ಮಾ, ಎತ್ತಿಕೋ ಎಂದು ಎರಡೂ ಕೈ ಚಾಚಿದಳು. ಸೋಮಿಯ ತೋಳು ತಾನಾಗಿಯೇ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಮಗುವಿನ ಉಗುರು ಕಂಡಿತು. ಅವು ಹೂವಿನ ಎಸಳಿನಂತೆ ಕೆಂಪಗಿದ್ದವು. ಅವುಗಳನ್ನು ಹಾಗೆ ನೋಡಬೇಕೆಂದೇ ಅವಳು ಎಷ್ಟು ದಿನದಿಂದ ಹಂಬಲಿಸಿದ್ದಳು!

"ನೀನು ನನ್ನ ಮಗಳಲ್ಲ," ಎಂದಳು. "ನನ್ನ ಮಗಳ ಉಗುರು ನೀಲಿ." ಅಳುತ್ತಲೇ ದಾಟಿಕೊಂಡು ಹೋದಳು. ಹಿಂದೆ ಮಗುವಿದ್ದ ಜಾಗದಲ್ಲಿ ಒಂದು ಹಿಡಿ ಬೂದಿ ಉಳಿಯಿತು.

ಅರಮನೆಯಲ್ಲಿ ರಾಜನ ಓಲಗ ಸೇರಿತ್ತು. ಬಾಗಿಲ ಭಟ ಗದರಿದ. ದೊರೆಯ ಮುಂದೆ ಬಂದವರು ಕೈ ಮುಗಿಯಬೇಕು, ಮುಗಿಯದವರ ತಲೆ ಉಳಿಯುವುದಿಲ್ಲ ಎಂದ. ಸೋಮಿ ಅವನ ಕಡೆ ನೋಡದೆ ಒಳಗೆ ನಡೆದು ರಾಜನೆದುರು ನಿಂತಳು.

"ದೊರೆ, ಕೈ ಮುಗಿದರೆ ನೀರು ಚೆಲ್ಲುತ್ತದೆ. ನೀರು ಚೆಲ್ಲಿದರೆ ಈ ವರ್ಷ ನೀವು ದೊರೆಯಲ್ಲ. ಯಾವುದು ಬೇಕು, ನೀವೇ ಹೇಳಿ."

ತಾಮ್ರಗಡ್ಡ ನಗುನಗುತ್ತ ಗಿಂಡಿ ತಂದ. ಪಾಪ, ದೂರದಿಂದ ಬಂದಿದ್ದಾಳೆ, ಇದಕ್ಕೆ ಸುರಿಯಲಿ, ದೊರೆಗಳು ಕುಡಿಯಲಿ ಎಂದ. ಸೋಮಿ ಬೊಗಸೆಯನ್ನು ಎದೆಗೆ ಒತ್ತಿಕೊಂಡಳು. ಭಟರು ಕತ್ತಿ ಹಿರಿದರು. ಆಗ ಅವಳ ಹಿಂದೆ ಬಂದಿದ್ದ ಜನ ಒಳಗೆ ನುಗ್ಗಿದರು. ಅಗಸರು, ಅಂಬಿಗರು, ಬಟ್ಟೆಗೆ ಬಣ್ಣ ಹಾಕುವವರು, ತುತ್ತಿಟ್ಟ ಹೆಂಗಸರು, ನೂರಾರು ಮಂದಿ. ಅವರಲ್ಲಿ ಒಬ್ಬರೂ ಕೈ ಮುಗಿಯಲಿಲ್ಲ. ಎಲ್ಲರೂ ಬರಿಗೈ ಬೊಗಸೆ ಹಿಡಿದು ಸುಮ್ಮನೆ ನಿಂತರು.

ರಾಜ ಆ ಬೊಗಸೆಗಳನ್ನು ನೋಡಿದ. ಎಷ್ಟೋ ಉಗುರುಗಳು ನೀಲಿಯಾಗಿದ್ದವು. ಅವನು ಸಿಂಹಾಸನದಿಂದ ಇಳಿದು, ಮೊಣಕಾಲೂರಿ, ಸೋಮಿಯ ಬೊಗಸೆಗೆ ಬಾಯಿಟ್ಟು ಕುಡಿದ. ಪೂರ್ತಿ ಕುಡಿದ. ಅಷ್ಟು ಮಾತ್ರ ಅವನ ಪರವಾಗಿ ಹೇಳಲೇಬೇಕು.

ಹೊಳೆಯ ನಿಜವಾದ ರುಚಿ ರಾಜನ ನಾಲಿಗೆಗೆ ತಾಗಿದ್ದೇ ತಡ, ಗಿಂಡಿ ಒಡೆಯಿತು. ಬೆಟ್ಟದಲ್ಲಿ ಏಳು ಕೊಪ್ಪರಿಗೆಗಳೂ ಸಿಡಿದವು. ಮಾಯೆ ಕಳೆದುಕೊಂಡ ತಾಮ್ರಗಡ್ಡ ಓಡಿದ. ಹೊಳೆ ದಾಟುವಲ್ಲಿ ಮೊಸಳೆ ಕಾಯುತ್ತಿತ್ತು. ಅದು ತಲೆಯಿಂದ ಶುರುಮಾಡಿತೋ ಕೈಯಿಂದಲೋ, ನೋಡಿದವರಿಲ್ಲ.

ರಾಜ ತನ್ನ ಬೆರಳು ನೋಡಿಕೊಂಡ. ಉಗುರುಗಳು ನೀಲಿಯಾಗುತ್ತಿದ್ದವು.

"ಇದು ಯಾವಾಗ ಹೋಗುತ್ತದೆ?" ಎಂದು ಕೇಳಿದ.

"ನನ್ನ ಮಗಳದು ಹೋದಾಗ," ಎಂದಳು ಸೋಮಿ.

ಮರುದಿನವೇ ಬೆಳ್ಳಿಯ ಹೆಂಚುಗಳನ್ನು ಇಳಿಸಿದರು. ಬೆಟ್ಟದಲ್ಲಿ ಉಳಿದಿದ್ದ ಗಸಿಯನ್ನು ಗುಂಡಿ ತೋಡಿ ಹೂತು, ಹೆಂಚು ಕರಗಿಸಿ ಆ ಗುಂಡಿಗಳಿಗೆ ಮುಚ್ಚಳ ಮಾಡಿದರು. ರಾಜ ತಾನೇ ಹೊಳೆಗಿಳಿದು ಕೆಸರು ಹೊತ್ತ. ಬಣ್ಣದವರು ತಮ್ಮ ಕೊಳೆನೀರಿಗೆ ಬೇರೆ ಹೊಂಡ ತೋಡಿದರು. ಅಲ್ಲಿಯವರೆಗೆ ಕುಡಿಯಲೆಂದು ಮೇಲಿನ ಊರುಗಳ ಎಳನೀರೆಲ್ಲ ಕೊನೆಮನೆಗೆ ಇಳಿಯಿತು. ಹೊಳೆ ತಿಳಿಯಾಗಲು ಮೂರು ವರ್ಷ ಹಿಡಿಯಿತು. ಮೂರನೆಯ ಮಳೆಗಾಲದಲ್ಲಿ ನೀರುನಾಯಿಗಳು ಮರಿ ಹಾಕಿದವು, ಚಿಪ್ಪಿಗಳು ಬಾಯಿ ಮುಚ್ಚಿಕೊಂಡು ಬುಟ್ಟಿ ತುಂಬ ಬಂದವು, ದುರ್ಗಿ ದಂಡೆಯ ಮೇಲೆ ಓಡಿದಳು. ಅವಳ ಉಗುರು ಕೆಂಪಾದ ದಿನವೇ ರಾಜನದೂ ಕೆಂಪಾಯಿತು.

ಆಮೇಲೆ ಎಲ್ಲರೂ ಚೆನ್ನಾಗಿ ಬಾಳಿದರು. ಆದರೆ ಆ ರಾಜ್ಯದಲ್ಲಿ ಇಂದಿಗೂ ದೊರೆಗೆ ಯಾರೂ ಕೈ ಮುಗಿಯುವುದಿಲ್ಲ. ಎದುರಾದವರೆಲ್ಲ ಬೊಗಸೆ ಹಿಡಿಯುತ್ತಾರೆ. ದೊರೆ ಮೊದಲು ಬಗ್ಗಿ, ಅದರಲ್ಲಿ ನೀರಿದೆಯೇ ಎಂದು ನೋಡುತ್ತಾನೆ. ಆಮೇಲೆಯೇ ಮುಖ ನೋಡುತ್ತಾನೆ.