ಕಾಶಿ ಇಲ್ಲದ ಕತೆಗಳು

೨೦೨೩ರ ಜುಲೈ ೧೧, ಮಂಗಳವಾರ. ಕೊಪ್ಪಳದ ಸೈಬರ್ ಠಾಣೆಗೆ ಒಬ್ಬ ಹೆಂಗಸು ಬಂದು, ತನ್ನ ಕತೆಗಳು ಕಳುವಾಗಿವೆ ಎಂದು ದೂರು ಕೊಟ್ಟರು.

"ಎಲ್ಲಿಂದ ಕಳುವಾದ್ವು?" ಇನ್‌ಸ್ಪೆಕ್ಟರ್ ಶರಣಬಸಪ್ಪ ಕೇಳಿದರು.

"ನನ್ನ ಬ್ಲಾಗಿನಿಂದರಿ."

"ಈಗ ಅಲ್ಲಿ ಇಲ್ಲೇನು?"

"ಅದಾವ್ರಿ."

ಶರಣಬಸಪ್ಪ ಪೆನ್ನು ಕೆಳಗಿಟ್ಟರು. ಎಮ್ಮೆ ಕೊಟ್ಟಿಗೆಯಲ್ಲೇ ಇದೆ, ಆದರೂ ಕಳುವಾಗಿದೆ ಎಂದರೆ ಯಾವ ಪೊಲೀಸನಿಗೆ ತಲೆ ಕೆಡುವುದಿಲ್ಲ?

ಆಕೆ ರೇಣುಕಾದೇವಿ, ಯಲಬುರ್ಗಾ ತಾಲ್ಲೂಕು ಕಚೇರಿಯ ಗುಮಾಸ್ತೆ. ಆಕೆ ಕತೆ ಹಾಕಿದ ಹತ್ತೇ ನಿಮಿಷಕ್ಕೆ ಅದು ಇನ್ನೊಂದು ಜಾಲತಾಣದಲ್ಲಿ 'ತುಂಗಾಪುತ್ರ' ಎಂಬ ಹೆಸರಿನಲ್ಲಿ ಬರುತ್ತಿತ್ತು. ತಾರೀಖು ಮಾತ್ರ ಒಂದು ದಿನ ಹಿಂದಿನದು. ಆಕೆಯ ಮೊದಲ ಪುಸ್ತಕ ತರಲು ಒಪ್ಪಿದ್ದ ಧಾರವಾಡದ ಪ್ರಕಾಶಕರು ಈಗ, ಕತೆಗಳು ನಿಮ್ಮವೇ ಎಂದು ಈ ತಿಂಗಳ ಕೊನೆಯೊಳಗೆ ತೋರಿಸಿ, ಇಲ್ಲವಾದರೆ ಪುಸ್ತಕ ಬೇಡ ಎಂದಿದ್ದರು.

"ಆಫೀಸಿನ್ಯಾಗ ಕಾಪಿ ಮೇಡಂ ಅಂತಾರ್ರಿ. ಬರದಾಕಿ ನಾನು, ಕಳ್ಳಿನೂ ನಾನಽ ಆದೆ," ಎಂದು ರೇಣುಕಾದೇವಿ ಕಣ್ಣೊರೆಸಿಕೊಂಡರು.

ಕಾನ್‌ಸ್ಟೆಬಲ್ ಸುಕನ್ಯಾ ಎಫ್‌ಐಆರ್‌ಗೆ ವಿವರ ಬರೆದುಕೊಳ್ಳುತ್ತ ಗಂಡನ ಹೆಸರು ಕೇಳಿದಳು. ರೇಣುಕಾದೇವಿ ಆಧಾರ್ ಕಾರ್ಡ್ ಮುಂದೆ ಸರಿಸಿದರು. "ನೋಡಿ ಬರಕೋಳವ್ವ." ಸುಕನ್ಯಾ 'ಕಾಶಿನಾಥ' ಎಂದು ಬರೆದಳು. ಅವಳ ಅವ್ವನೂ ಕುಷ್ಟಗಿಯ ಪಡಿತರ ಅಂಗಡಿಯಲ್ಲಿ ಹೀಗೇ ಮಾಡುತ್ತಿದ್ದಳು.

ಹತ್ತು ನಿಮಿಷದಲ್ಲಿ ಕದಿಯುವುದು ಮನುಷ್ಯನಲ್ಲ, ಬಾಟ್ ಎಂದು ಸುಕನ್ಯಾ ವಿವರಿಸಿದಳು. ಹೇಳಿದ ಜಾಲತಾಣಗಳನ್ನು ಹಗಲಿರುಳು ತಡಕಿ, ಹೊಸದು ಕಂಡರೆ ಎತ್ತಿಕೊಂಡು ಬರುವ ಯಂತ್ರ. ಶರಣಬಸಪ್ಪ ಆ ಜಾಲತಾಣಕ್ಕೆ ನೋಟಿಸ್ ಕಳಿಸಲು ಕುಳಿತರೆ, ನೀವು ರೋಬೋಟ್ ಅಲ್ಲವೆಂದು ಸಾಬೀತುಪಡಿಸಿ, ಸಿಗ್ನಲ್ ದೀಪವಿರುವ ಚಿತ್ರಗಳನ್ನು ಆರಿಸಿ ಎಂದು ಬಂತು. ಯೂನಿಫಾರ್ಮಿನಲ್ಲಿದ್ದ ಇನ್‌ಸ್ಪೆಕ್ಟರ್ ಎರಡು ಸಲ ಫೇಲಾದರು.

"ಕದಿಯೋ ಯಂತ್ರಕ್ಕ ಬಾಗಿಲಾ ತೆರದೈತಿ, ಪೊಲೀಸ ಮಾತ್ರ ತಾ ಮನಶಾ ಅಂತ ತೋರಸ್ಬೇಕೇನು?"

ಸರ್ವರ್ ಕಂಪನಿಗೆ ಬರೆದರೆ, ನಿಮ್ಮ ದೂರು ನಮಗೆ ಮುಖ್ಯ ಎಂಬ ಉತ್ತರ ಅರೆಗಳಿಗೆಯಲ್ಲೇ ಬಂತು. ಅದನ್ನು ಬರೆದದ್ದೂ ಬಾಟ್. ಕೊನೆಗೆ ಜಾಲತಾಣದ ನೋಂದಣಿಯಲ್ಲಿದ್ದ ಮೊಬೈಲ್ ನಂಬರು ಗಂಗಾವತಿಯ ಒಂದು ಕಂಪ್ಯೂಟರ್ ಅಂಗಡಿ ತೋರಿಸಿತು. ಅಂಗಡಿಯವನು ಗಾಳೇಶ, ಇಪ್ಪತ್ತಾರರ ಯುವಕ.

ಜುಲೈ ೨೭ರಂದು ಲ್ಯಾಪ್‌ಟಾಪ್ ಜಪ್ತಿ ಪಂಚನಾಮೆ ನಡೆಯಿತು. ಪಂಚನಾಗಿ ಬಂದ ಪಕ್ಕದ ಸೈಕಲ್ ಅಂಗಡಿಯ ಇಬ್ರಾಹಿಂಸಾಬ ಸುತ್ತಲೂ ನೋಡಿ, "ಸಾಹೇಬ್ರ, ಕಳುವಾದ ಮಾಲು ಎಲ್ಲೈತ್ರಿ?" ಎಂದರು. ಶರಣಬಸಪ್ಪ ಅವರಿಗೆ ಸುಮ್ಮನೆ ರುಜು ಮಾಡಲು ಹೇಳಿದರು.

ಗಾಳೇಶ ಬಗ್ಗಲಿಲ್ಲ. "ಕತಿ ನನ್ನವರಿ. ತಾರೀಖು ನೋಡ್ರಿ, ಆಕಿನಽ ಕದ್ದಾಳ." ಲ್ಯಾಪ್‌ಟಾಪ್ ಪರೀಕ್ಷಿಸುವ ಪ್ರಯೋಗಾಲಯದ ವರದಿಗೆ ತಿಂಗಳುಗಟ್ಟಲೆ ಬೇಕು. ಪ್ರಕಾಶಕರ ಗಡುವಿಗೆ ಉಳಿದದ್ದು ನಾಲ್ಕು ದಿನ. ಸಿಟ್ಟಿನಿಂದಲೇ ಶರಣಬಸಪ್ಪ ಎಲ್ಲ ಕತೆಗಳನ್ನೂ ಪ್ರಿಂಟ್ ತೆಗೆಸಿ ಓದಿದರು. ಒಂದು ಕತೆಯಲ್ಲಿ ತಡೆದು ನಿಂತರು. ಮುದುಕಿ ರೈಲು ಹತ್ತುತ್ತಾಳೆ, ಗಂಗೆಯಲ್ಲಿ ಮುಳುಗುತ್ತಾಳೆ, ಆದರೆ ಊರಿನ ಹೆಸರಿಲ್ಲ. ಬರೀ 'ಗಂಗೆಯ ದಂಡೆಯ ಊರು'. ಇನ್ನೆರಡು ಕತೆಗಳಲ್ಲೂ ಹಾಗೇ. ಹಾಳೆಗಳನ್ನು ಸುಕನ್ಯಾಳ ಮುಂದಿಟ್ಟರು. ಅವಳು ನಕ್ಕುಬಿಟ್ಟಳು.

"ಗಂಡನ ಹೆಸರು ಹ್ಯಾಂಗ ಬರೀತಾರ್ರಿ ಸರ್?"

ಗಾಳೇಶನನ್ನು ಮತ್ತೆ ಕರೆಸಿದರು.

"ನಿನ್ನ ಕತ್ಯಾಗ ಮುದುಕಿ ರೈಲು ಹತ್ತಿ ಎಲ್ಲಿಗೆ ಹೋಗ್ತಾಳ?"

"ಊರಿಗೆರಿ."

"ಯಾವ ಊರಿಗೆ?"

ಅವನು ಮೇಜಿನ ಮೇಲಿನ ಹಾಳೆಗಳತ್ತ ಕತ್ತು ಚಾಚಿದ; ಶರಣಬಸಪ್ಪ ಅವನ್ನು ಬೋರಲು ಹಾಕಿದರು.

"ಕಾಶಿಗೆ. ಮೂರು ಕತ್ಯಾಗೂ ಆ ಹೆಸರು ಯಾಕ ಬರೀಲಿಲ್ಲ?"

"ಮರತಿದ್ದೆ ಕಾಣ್ತೈತ್ರಿ."

"ಮೂರು ಸಲ ಮರತೇನು? ರೇಣುಕಾದೇವಿ ಗಂಡನ ಹೆಸರು ಕಾಶಿನಾಥ, ಆಕಿ ಆ ಹೆಸರು ಬರಿಯೂದಿಲ್ಲ. ಕಾಶಿ ಅನ್ನಾಕ ನಿನಗೇನು ಧಾಡಿ?"

ಗಾಳೇಶನ ತಲೆ ಬಗ್ಗಿತು. ತಾರೀಖು ಹಿಂದೆ ಸರಿಸಿದ್ದನ್ನೂ ಒಪ್ಪಿಕೊಂಡ. ಜುಲೈ ೨೯ರ ಸಂಜೆ ಅವನನ್ನು ಬಂಧಿಸಲಾಯಿತು. ಶರಣಬಸಪ್ಪ ಅಂದೇ ಪ್ರಕಾಶಕರಿಗೆ ಫೋನ್ ಮಾಡಿ ಎಲ್ಲ ಹೇಳಿದರು. ಪುಸ್ತಕ ಉಳಿಯಿತು.

ಹೇಳಿಕೆಯಲ್ಲಿ ಗಾಳೇಶ ಹೀಗೆಂದಿದ್ದ: ಮೊದಲು ಅವನೂ ಸ್ವಂತ ಕವಿತೆ ಹಾಕುತ್ತಿದ್ದ. ದಿನಕ್ಕೆ ನಾನೂರು ಜನ ಓದುತ್ತಾರೆಂದು ತಾಣ ಲೆಕ್ಕ ತೋರಿಸುತ್ತಿತ್ತು. ಖುಷಿಗೆ ಓಣಿಗೆಲ್ಲ ಪೇಡೆ ಹಂಚಿದ್ದ. ಆಮೇಲೆ ತಿಳಿಯಿತು, ಬಂದು ಹೋಗುತ್ತಿದ್ದ ನಾನೂರೂ ಬಾಟ್‌ಗಳು. ಮನುಷ್ಯರು ಒಬ್ಬರೂ ಇರಲಿಲ್ಲ. ಆ ಹೊಟ್ಟೆಯುರಿಗೆ ತಾನೂ ಒಂದು ಬಾಟ್ ಕಟ್ಟಿದ.

ಅಂದೇ ಕಾಗದಗಳಿಗೆ ರುಜು ಹಾಕಲು ಬಂದ ರೇಣುಕಾದೇವಿ ಆ ಹೇಳಿಕೆಯನ್ನೂ ಓದಿದರು. ಅಷ್ಟರಲ್ಲಿ ಸುಕನ್ಯಾ ಮೊಬೈಲ್ ಹಿಡಿದು ಬಂದಳು. ತುಂಗಾಪುತ್ರನ ತಾಣದಿಂದ ಅದೇ ಕತೆಗಳನ್ನು ಇನ್ನೂ ಐದು ತಾಣಗಳು ಎತ್ತಿಕೊಂಡಿದ್ದವು.

"ಈ ಐದನ್ನೂ ಯಾವ ಲಾಕಪ್ಪಿನ್ಯಾಗ ಹಾಕಲಿ?" ಶರಣಬಸಪ್ಪ ಕ್ಯಾಪು ತೆಗೆದು ಮೇಜಿನ ಮೇಲೆ ಎಸೆದರು.

ರೇಣುಕಾದೇವಿ ಲಾಕಪ್ಪಿನಲ್ಲಿದ್ದ ಗಾಳೇಶನ ಮುಂದೆ ಹೋಗಿ ನಿಂತರು.

"ತಮ್ಮಾ, ನನ್ನ ಕತ್ಯಾಗ ನಿನಗ ಯಾವುದು ಛಲೋ ಅನಿಸ್ತು?"

"ಒಂದೂ ಓದಿಲ್ರಿ ಅಕ್ಕಾರ."

"ನೀನೂ ಓದಲಿಲ್ಲೇನು? ಹಂಗಾರ ನಿನಗೂ ಆ ನಾನೂರಕ್ಕೂ ಏನು ಫರಕ್ ಐತಿ?"

ಮರುದಿನ ಗಾಳೇಶನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿದರು.