ಬಿರಡೆ ಹಿಡಿದ ಕೈ

ಹಳೆ ಪಂಚೆಯ ತುಂಡನ್ನು ಮರದ ಬಿರಡೆಗೆ ಸುತ್ತಿದೆ. ಗಂಗೆಯಲ್ಲಿ ಅದ್ದಿ ಹಿಂಡಿ, ಇನ್ನೊಂದು ಸುತ್ತು ಬಿಗಿದೆ. ಪೈಪು ಆರುವವರೆಗೂ ಕಾದು, ದೋಣಿಯ ಹಿಂಬದಿಯಿಂದ ಬಗ್ಗಿ, ನೀರಿಗಿಂತ ಗೇಣಷ್ಟೇ ಮೇಲಿದ್ದ ಸೈಲೆನ್ಸರಿನ ಬಾಯಿಗೆ ಒತ್ತಿ ತಿರುಗಿಸಿದೆ. ಅಭಿನವ ಇಂಜಿನ್ ಪಕ್ಕ ಕೂತು ನೋಡುತ್ತಿದ್ದ.

ಆ ಸೋಮವಾರ ನಾನು ನಗುತ್ತಲೇ ಮೆಟ್ಟಿಲು ಹತ್ತಿದೆ.

ದೋಣಿ ಮಠದ್ದು. ಕರ್ನಾಟಕದಿಂದ ಬರುವ ಭಕ್ತರಿಗೆ ಗಂಗೆಯ ಘಾಟುಗಳನ್ನು ತೋರಿಸಲು ಅಭಿನವ ಅದನ್ನು ನಡೆಸುತ್ತಾನೆ. ನನ್ನ ಅವ್ವ ಬಸಲಿಂಗಮ್ಮ ಮಠದ ಅಡುಗೆಯವಳು. ನಾನು ಶಾಲೆ ಬೇಗ ಬಿಟ್ಟು ಅವ್ವನ ಪಕ್ಕ ನಿಂತವಳು. ಸಂಜೆ ದೋಣಿ ತೊಳೆದು ಬಿರಡೆ ಹಾಕುವುದು ನನ್ನ ಕೆಲಸ.

ಅದನ್ನು ಕಲಿಸಿದವನು ಅಭಿನವನೇ. ಇಂಜಿನ್ ಓಡುವಾಗ ಹೊಗೆಯೇ ನೀರನ್ನು ಹೊರಗೆ ತಳ್ಳುತ್ತದೆ. ನಿಂತ ಮೇಲೆ ತಳ್ಳುವವರಿಲ್ಲ. ದೊಡ್ಡ ಕ್ರೂಸ್ ಹಡಗು ಹಾದುಹೋದರೆ ಅಲೆ ಬಡಿದು, ಪೈಪಿನೊಳಗಿಂದ ನೀರು ನೇರ ಇಂಜಿನ್ನಿಗೆ ನುಗ್ಗುತ್ತದೆ.

ಮೊದಲ ಸಲ ದೋಣಿಯಲ್ಲಿ ಕರೆದುಕೊಂಡು ಹೋದಾಗ ಅವನು ಬಿರಡೆ ತೆಗೆದು ನನ್ನ ಅಂಗೈಯಲ್ಲಿಟ್ಟಿದ್ದ.

"ಹಿಡ್ಕೊ ಗಂಗಾ. ತಿರುಗಿ ಬರೂತನಕ ಕೈಯಾಗ ಇರಬೇಕು. ಕೆಳಗ ಇಟ್ಟರ ಮರೀತೀವಿ."

ಎರಡೂ ಕೈಯಲ್ಲಿ ಹಿಡಿದು ಕೂತೆ. ಮಣಿಕರ್ಣಿಕಾ ದಾಟಿದರೂ ಬೆರಳು ಸಡಿಲಿಸಲಿಲ್ಲ. ಅವನು ಓರೆಗಣ್ಣಲ್ಲಿ ನೋಡಿದ.

"ಕೂಸಿನಂಗ ಹಿಡಿದಿಯಲ್ಲ. ನಿನ್ನ ಕೈಗೆ ಏನ್ ಕೊಟ್ಟರೂ ಚಿಂತಿ ಇಲ್ಲ ಬಿಡು."

ನನ್ನ ಕಿವಿ ಬಿಸಿಯಾಯಿತು. ಶಿವರಾತ್ರಿ ಮುಗಿದ ಮೇಲೆ ಅವ್ವನ ಹತ್ತಿರ ನಮ್ಮ ವಿಷಯ ಮಾತಾಡುತ್ತೇನೆ ಎಂದೂ ಒಂದು ದಿನ ಅಂದ. ನದಿಯ ಕಡೆ ನೋಡಿಕೊಂಡೇ ಅಂದ. ನಾನು ತಲೆ ಅಲ್ಲಾಡಿಸಿದೆ.

ಮಂಗಳವಾರ ಬೆಳಿಗ್ಗೆ ಇಂಜಿನ್ನಿನ ಹ್ಯಾಂಡಲ್ ತಿರುಗಲೇ ಇಲ್ಲ. ಮೆಕ್ಯಾನಿಕ್ ಬಂದು ಬಿಚ್ಚಿದಾಗ ಒಳಗಿಂದ ಕಂದು ನೀರು ಹರಿಯಿತು. ಬಿರಡೆ ಹಲಗೆಯ ಸಂದಿಯಲ್ಲಿ ಬಿದ್ದಿತ್ತು. ಮಠದ ಆಡಳಿತ ನೋಡುವ ಶಿವಬಸಯ್ಯನವರು, ಇದು ಯಾರ ಕೆಲಸ ಎಂದು ಕೇಳಿದರು.

ಅಭಿನವ ನೆಲ ನೋಡಿದ. "ಸಂಜೀಕ ಬಿರಡಿ ಹಾಕೂದು ಗಂಗಾನ ಕೆಲಸ, ಅಯ್ಯಾರ."

ಹಾಕಿದ್ದೆ ಅನ್ನಲು ಬಾಯಿ ತೆರೆದೆ. ಎಲ್ಲರೂ ನನ್ನನ್ನೇ ನೋಡಿದರು, ಹಿಂದೆ ಸರಿದೆ. ಆಮೇಲೆ ನನಗೇ ಸಂಶಯ ಬಂತು. ಸರಿಯಾಗಿ ತಿರುಗಿಸಿದ್ದೆನೇ? ಬಟ್ಟೆ ಜಾರಿತೇ? ನನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ.

ಅಡುಗೆಮನೆ ಬಾಗಿಲಲ್ಲಿ ಅಭಿನವ ಬಂದು ನಿಂತ. ತಪ್ಪು ಎಲ್ಲರಿಂದಲೂ ಆಗುತ್ತದೆ, ತನಗೆ ಸಿಟ್ಟಿಲ್ಲ ಎಂದು ಮೆಲ್ಲಗೆ ಹೇಳಿದ. ಎಷ್ಟು ಒಳ್ಳೆಯವನು ಅಂದುಕೊಂಡು ಅತ್ತೆ.

ನಾನಿನ್ನು ದೋಣಿ ಹತ್ತಬಾರದು ಎಂದು ಶಿವಬಸಯ್ಯನವರು ಹೇಳಿದರು. ಅವ್ವ ಇನ್ನೂ ಮುಂದೆ ಹೋದಳು. ರಾಯಚೂರಿನ ಭಕ್ತರು ಶುಕ್ರವಾರ ಸಂಜೆ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ರೈಲು ಹತ್ತುವಾಗ ನನ್ನನ್ನೂ ಅವರ ಜೊತೆ ಸೋದರಮಾವನ ಮನೆಗೆ ಕಳಿಸುವುದೆಂದು ತೀರ್ಮಾನಿಸಿದಳು. ಹೆಸರು ಕೆಟ್ಟ ಹುಡುಗಿ ಇಲ್ಲಿರುವುದು ಬೇಡ ಎಂದಳು.

ಶುಕ್ರವಾರ ಮಧ್ಯಾಹ್ನ ಇಲ್ಲಿಯ ಲಂಕಾ ಬಡಾವಣೆಯಿಂದ ವರ್ಷಿಣಿ ಪ್ರಸಾದಕ್ಕೆ ಬಂದಳು. ಯೂನಿವರ್ಸಿಟಿಯ ಪ್ರೊಫೆಸರರ ಮಗಳು, ನನ್ನದೇ ವಯಸ್ಸು. ನಾನು ಸಾರು ಬಡಿಸುತ್ತಿದ್ದೆ. ಅವಳು ನನ್ನನ್ನು ನೋಡಿ ಸ್ನೇಹದಿಂದ ನಕ್ಕಳು.

"ನಿಮ್ಮ ಬೋಟ್ ಠೀಕ್ ಆಯ್ತಾ? ಸೋಮವಾರ ಆರತಿ ನೋಡೋಕೆ ಹೋಗಿದ್ವಿ, ನಾನೂ ಅಭಿನವನೂ ಅಷ್ಟೇ. ಅವನು ಒಂದು ಕಟ್ಟಿಗೆ ತುಂಡು ಕೊಟ್ಟು, ವಾಪಸ್ ಬರೋವರೆಗೂ ಕೈಯಲ್ಲೇ ಹಿಡ್ಕೋ ಅಂದ. ನಾನು ಎಲ್ಲೋ ಇಟ್ಟುಬಿಟ್ಟೆ, ಅವನು ನಕ್ಕ. ಹುಚ್ಚ."

ಆಮೇಲೆ ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಅವಳ ಕಣ್ಣಲ್ಲಿದ್ದ ಬೆಳಕು ನನಗೆ ಗೊತ್ತಿತ್ತು.

ಸಾರು ಬೇಕೇ ಎಂದು ಕೇಳಿ, ಮುಂದಿನ ಎಲೆಗೆ ಹೋದೆ.

ಇಂಜಿನ್ ಕೆಟ್ಟದ್ದಕ್ಕಿಂತ, ನನ್ನ ಹೆಸರು ಕೆಟ್ಟದ್ದಕ್ಕಿಂತ, ಆ ಮಾತು ಹೆಚ್ಚು ಚುಚ್ಚಿತು. ಹಿಡ್ಕೊ ಅನ್ನುವ ಮಾತು ನನಗಾಗಿ ಹುಟ್ಟಿದ್ದು ಎಂದು ತಿಳಿದಿದ್ದೆ.

ಊಟ ಮುಗಿದ ಮೇಲೆ ವರ್ಷಿಣಿಯೂ ಸೇರಿ ಎಲ್ಲರೂ ಘಾಟಿಗೆ ಇಳಿದರು. ಅಭಿನವ ಹೊಸ ಪೈಪು ಜೋಡಿಸುತ್ತಿದ್ದ. ಅದು ಇಂಜಿನ್ನಿನಿಂದ ಎತ್ತರಕ್ಕೆ ಏರಿ, ಬಾಗಿ, ಮತ್ತೆ ಇಳಿದು ಹೊರಗೆ ಹೋಗುತ್ತಿತ್ತು. ತುದಿಗೆ ರಬ್ಬರಿನ ಮುಚ್ಚಳ, ಹೊಗೆ ತಳ್ಳಿದರೆ ಮಾತ್ರ ತೆರೆಯುವಂಥದ್ದು. ಶಿವಬಸಯ್ಯನವರು ಬಗ್ಗಿ ನೋಡಿ ಮೆಚ್ಚಿದರು.

"ಅಲಿ ಬಡದರ ನೀರು ಈ ಏರು ಹತ್ತೂದಿಲ್ಲ, ಅಯ್ಯಾರ," ಎಂದ ಅಭಿನವ. "ಇನ್ನ ಯಾರು ಮರೆತರೂ ಚಿಂತಿ ಇಲ್ಲ."

ಹಾಗೆ ಹೇಳಿ ನನ್ನ ಕಡೆ ನೋಡಿದ. ಅದೇ ಓರೆಗಣ್ಣು, ಅದೇ ಮೆಲುನಗು. ನನ್ನ ಕಿವಿ ಎಂದಿನಂತೆ ಬಿಸಿಯಾಯಿತು. ಆಗ ನನ್ನ ಮೇಲೇ ನನಗೆ ಅಸಹ್ಯವಾಯಿತು.

ಮೆಟ್ಟಿಲು ಇಳಿದು ದೋಣಿಯ ಹತ್ತಿರ ನಿಂತೆ. ಅಷ್ಟು ಜನರ ಮುಂದೆ ನಾನು ಯಾವತ್ತೂ ಬಾಯಿ ತೆರೆದವಳಲ್ಲ. ವರ್ಷಿಣಿ ಹೇಳಿದ್ದನ್ನು ನಾನೇ ಹೇಳಬಹುದಿತ್ತು. ಆದರೆ ಅದು ಅವನ ಬಾಯಿಂದ ಬರಬೇಕಿತ್ತು. ಬಂದರೆ, ನಾನು ಪ್ರೀತಿಸಿದವನು ನಿಜಕ್ಕೂ ಒಬ್ಬ ಇದ್ದ ಅನ್ನಿಸುತ್ತಿತ್ತು.

"ಅಭಿ, ಸೋಮವಾರ ನಾ ಹೋದ ಮ್ಯಾಲ ಬಿರಡಿ ತೆಗೆದವರು ಯಾರು ಅಂತ ಅಯ್ಯಾರಿಗೆ ನೀನ ಹೇಳು."

ಅವನು ಪಾನಾ ಎತ್ತಿಕೊಂಡು, ಆಗಲೇ ಬಿಗಿಯಾಗಿದ್ದ ನಟ್ಟನ್ನು ಮತ್ತೆ ಬಿಗಿಯತೊಡಗಿದ. ಶಿವಬಸಯ್ಯನವರು ಅವನನ್ನು ನೋಡಿದರು. ಅವ್ವ ನನ್ನನ್ನು ನೋಡಿದಳು. ವರ್ಷಿಣಿಯ ನಗು ನಿಂತಿತು.

"ಹೇಳು," ಎಂದೆ.