ಅಳಿಸಿ ತಂದ ಕಂಪ್ಯೂಟರ್

“ತೀರಿಹೋದ ನಿಮ್ಮಕ್ಕನೋರ ಫೈಲ್ ಏನರ ತೆಗೆದಿಡ್ಲೇನ್ರಿ? ಅಳಿಸಿದ್ರ ಮತ್ತ ಬರಂಗಿಲ್ಲ,” ಅಂದ ಜಗತ್ ಸರ್ಕಲ್‌ನ ಕಂಪ್ಯೂಟರ್ ರಿಪೇರಿ ಅಂಗಡಿಯ ಕಪಿಲ.

ಆಸ್ಪತ್ರೆ ಅಲೆದು, ಅಕ್ಕನ ದಿವಸದ ಕಾರ್ಯ ಮುಗಿಸಿ ಸಾಕಾಗಿಹೋಗಿದ್ದ ನಾನು, “ಎಲ್ಲಾ ಅಳಿಸಿಬಿಡಪಾ,” ಅಂದುಬಿಟ್ಟೆ.

ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ಕಂಪ್ಯೂಟರನ್ನು ಕಮಲಾಪುರದ ನಮ್ಮ ಟೈಪಿಂಗ್ ಅಂಗಡಿಗೆ ತಂದು ಮಧ್ಯಾಹ್ನ ಚಾಲೂ ಮಾಡಿದೆ. ಪರದೆಯೇನೋ ಚೆಂದವಿತ್ತು, ಆದರೆ ಯಾವುದೂ ಹಳೆಯ ಜಾಗದಲ್ಲಿರಲಿಲ್ಲ. ಅಂಗಡಿಯಲ್ಲೇ ಬಿಟ್ಟುಹೋಗಿದ್ದ, ತಿಂಗಳಿಂದ ಯಾರೂ ಮುಟ್ಟದ ಕೀಬೋರ್ಡ್ ಮಾತ್ರ, ಯಾರೋ ಆಗಷ್ಟೇ ಬೆರಳೆತ್ತಿದಂತೆ ಬೆಚ್ಚಗಿತ್ತು. ಕಂಪ್ಯೂಟರ್ ಬಳಸುವವರ ಹೆಸರು ಕೇಳಿತು. ಎಲ್ಲ ಅಳಿಸಿದ ತಪ್ಪಿಗೆ ಅಕ್ಕನ ಹೆಸರಾದರೂ ಇರಲಿ ಅಂತ ‘ಮಲ್ಲಿಕಾ’ ಎಂದು ಬರೆದೆ. ‘ಈ ಹೆಸರಿನವರು ಈಗಾಗಲೇ ಇದ್ದಾರೆ’ ಅಂತ ಬಂತು.

ಕಪಿಲನಿಗೆ ಫೋನ್ ಹಚ್ಚಿದೆ.

“ನಾ ಯಾರ ಹೆಸರೂ ಹಾಕಿಲ್ರೀ ಅಕ್ಕಾ. ಬಿಸಲಿಗಿ ತಲಿ ತಿರಗ್ಯಾದೇನ್ರಿ?”

ನಾನು ಉತ್ತರ ಕೊಡುವ ಮೊದಲೇ ಸ್ಪೇಸ್ ಬಾರ್ ತಾನಾಗಿ ಒಮ್ಮೆ ತಗ್ಗಿ ಮೇಲೆದ್ದಿತು.